ಹಿಡಿಕಾಳಿನ ಗಡಿಗೆ

ನವೆಂಬರ್ ೧, ೧೯೫೬, ಗುರುವಾರ

ಇವತ್ತಿನಿಂದ ನಾವು ಮೈಸೂರು ರಾಜ್ಯದವರು. ಸಾಲೆಯಲ್ಲಿ ಬಾವುಟ ಏರಿಸಿ ಮಕ್ಕಳ ಕೈಗೆ ಒಂದೊಂದು ಪೇಢೆ ಕೊಟ್ಟರಂತೆ. ಸ್ಯಾಮ್ಸನ ತನ್ನದನ್ನು ದಾರಿಯಲ್ಲೇ ಮುಗಿಸಿ ಬಂದ. ಕೃಪಾ ಅರ್ಧ ಉಳಿಸಿ ಅಜ್ಜಿಗೆ ತಂದಳು. ಹನ್ನೊಂದು ವರ್ಷದ ಅಣ್ಣನಿಗಿಲ್ಲದ ಬುದ್ಧಿ ಏಳು ವರ್ಷದ ತಂಗಿಗಿದೆ.

ಮಕ್ಕಳ ಅಪ್ಪ, ಇವರು, ಹದಿನಾಲ್ಕು ವರ್ಷ ಉದಗೀರದ ಸಾಲೆಯಲ್ಲಿ ಮಾಸ್ತರರಾಗಿದ್ದರು, ನಾವು ಇಲ್ಲಿ ಬೀದರಿನಲ್ಲಿ. ಈಗ ಉದಗೀರ ಮುಂಬೈ ಕಡೆ ಹೋಯಿತು, ಬೀದರ ಮೈಸೂರಿನ ಕಡೆ ಬಂತು. ಕನ್ನಡದವರು ಈ ಕಡೆ ಬರಬಹುದು ಎಂದರು. ಇವರು ಬಂದರು, ಔರಾದಿಗೆ ಹಾಕಿದರು. ಮನುಷ್ಯ ಬಂದರೂ ಅವರ ಕಾಗದಪತ್ರ ಬರಲಿಲ್ಲ. ಕಾಗದ ಬರುವವರೆಗೆ ತನಖೆ ಇಲ್ಲವಂತೆ, ಒಂದು ಪೈಸೆ ಸಂಬಳವಿಲ್ಲ.

"ಒಂದು ತಿಂಗಳ ಮಾತದ ಇವಾಂಜಲಿನ. ಜರಾ ಸಂಭಾಳಿಸು" ಎಂದು ಹೇಳಿ ಬಸ್ಸು ಹತ್ತಿದರು. ಸಂಭಾಳಿಸುವುದನ್ನು ನನಗೆ ಹೇಳಿಕೊಡಬೇಕೇ? ಹೋದ ವರ್ಷ ಹೆಂಗಸರ ಕೂಟದಲ್ಲಿ ಮಿತವ್ಯಯದ ಅಡುಗೆಯ ಮೇಲೆ ಮುಕ್ಕಾಲು ತಾಸು ಮಾತಾಡಿದವಳು ನಾನು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಪಾಸ್ಟರಮ್ಮನಿಗೇ ಉಪದೇಶ ಮಾಡಿದ್ದೆ. ಈ ನೋಟುಬುಕ್ಕು ಅದಕ್ಕಾಗಿಯೇ. ಯಾವ ದಿನ ಏನು ಅಡುಗೆ, ಯಾರಿಗೆ ಎಷ್ಟು ರೊಟ್ಟಿ, ಎಲ್ಲ ಇದರಲ್ಲಿ ಬರೆಯುತ್ತೇನೆ. ತನಖೆ ಬರುವವರೆಗೆ ನಮ್ಮ ಒಲೆಯ ಸುದ್ದಿ ಹೊಸ್ತಿಲು ದಾಟಬಾರದು.

ಒಂದನ್ನು ಮಾತ್ರ ಮುಟ್ಟುವುದಿಲ್ಲ, ಅಡುಗೆಮನೆಯ ಮೂಲೆಯಲ್ಲಿರುವ ಹಿಡಿಕಾಳಿನ ಗಡಿಗೆ. ನಮ್ಮ ಸಭೆಯ ಪ್ರತಿ ಮನೆಯಲ್ಲೂ ಒಂದಿರುತ್ತದೆ. ಬೀಸಲು ಜೋಳ ತೆಗೆದಾಗಲೆಲ್ಲ ಮೊದಲ ಹಿಡಿ ದೇವರದು, ಅದು ಗಡಿಗೆಗೆ. ಕ್ರಿಸ್ಮಸ್ಸಿನ ಹಿಂದಿನ ಭಾನುವಾರ ಎಲ್ಲರ ಗಡಿಗೆಗಳನ್ನೂ ದೇವಾಲಯದಲ್ಲಿ ಜಮಖಾನೆಯ ಮೇಲೆ ಸುರಿದು ವಿಧವೆಯರಿಗೆ, ಇಲ್ಲದವರಿಗೆ ಹಂಚುತ್ತಾರೆ. ಹಂಚುವ ಯಾದಿ ಬರೆದು ಓದುವವಳು ನಾನು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ. ನಮ್ಮ ಗಡಿಗೆ ಪ್ರತಿ ವರ್ಷ ಕಂಠದವರೆಗೆ ತುಂಬಿರುತ್ತದೆ.

ನವೆಂಬರ್ ೬, ಮಂಗಳವಾರ

ಯೋಜನೆ ಸಿದ್ಧವಾಯಿತು. ದಿನಕ್ಕೆ ಒಂದು ಸೇರು ಜೋಳ, ಒಂಬತ್ತು ರೊಟ್ಟಿ. ಸ್ಯಾಮ್ಸನ ಮೂರು, ಕೃಪಾ ಎರಡು, ಅತ್ತೆ ಎರಡು, ನಾನು ಎರಡು. ಸೋಮವಾರ ತೊಗರಿಬೇಳೆ. ಮಂಗಳವಾರ ಅದೇ ಬೇಳೆಗೆ ನೀರು, ಹುಣಸೆಹಣ್ಣು. ಬುಧವಾರ ಪುಂಡಿಪಲ್ಯ, ಗುರುವಾರ ಶೇಂಗಾ ಹಿಂಡಿ, ಶುಕ್ರವಾರ ಝುಣಕ. ಶನಿವಾರ ಇವರು ಬರುತ್ತಾರೆ, ಆದ್ದರಿಂದ ಗಟ್ಟಿ ಬೇಳೆ, ಮೂರು ರೊಟ್ಟಿ ಹೆಚ್ಚು. ಭಾನುವಾರದ ಮಾಂಸ ಬಂದ್. ಚಹಾ ಒಂದೇ ಹೊತ್ತು, ಅದಕ್ಕೂ ಬೆಲ್ಲ. ಗಿರಣಿಯೂ ಬಂದ್, ಮನೆಯ ಬೀಸುಕಲ್ಲು ಇನ್ನೂ ಸವೆದಿಲ್ಲ.

ಅತ್ತೆಯನ್ನು ಕರೆದುಕೊಂಡು ಗಾಂಧಿ ಗಂಜಿಗೆ, ಕಾಳಿನ ಪೇಟೆಗೆ, ಹೋಗಿದ್ದೆ. ಕಾಶೀರಾಮನ ಅಂಗಡಿಯಲ್ಲಿ ತಿಂಗಳ ಜೋಳ ಸಾಲದ ಲೆಕ್ಕಕ್ಕೆ ಉದ್ದರಿ ಬರೆಸಿದೆ. ಹಮಾಲರು ಚೀಲ ಹೊತ್ತು ಹೋಗುವ ದಾರಿಯಲ್ಲಿ ನಾಲ್ಕಾರು ಹೆಂಗಸರು ಕಸಬರಿಗೆ ಹಿಡಿದು ಕೂತಿದ್ದರು. ಉದುರಿದ ಕಾಳು ಗುಡಿಸಿ, ಮಣ್ಣು ಕೇರಿ, ಸೆರಗಿಗೆ ಕಟ್ಟಿಕೊಳ್ಳುತ್ತಾರೆ. ಅತ್ತೆ ನಿಂತು ನೋಡಿ "ಪಾಪ, ದುಡಕೊಂಡು ತಿಂತಾವ" ಎಂದರು.

"ಅದೇನ್ ದುಡಿಯೋದ್ರಿ ಅತ್ತಿ, ಎತ್ತಿನ ಕಾಲಾಗಿನ ಕಸ. ನಮ್ಮ ಮನ್ಯಾಗ ಅಂಥ ಕಾಳು ಬಂದ್ರ ಒಯ್ದು ತಿಪ್ಪಿಗೆ ಚೆಲ್ತೇನಿ" ಎಂದೆ. ಅತ್ತೆ ಮುಂದೆ ನಡೆದರು. ಅವರಿಗೆ ಅರವತ್ತೈದು ದಾಟಿದೆ, ಎಲ್ಲರ ಮೇಲೂ ಕನಿಕರ.

ನವೆಂಬರ್ ೧೪, ಬುಧವಾರ

ಅತ್ತೆ ಇವತ್ತಿನಿಂದ ಬುಧವಾರದ ಉಪವಾಸ ಪ್ರಾರ್ಥನೆ ಹಿಡಿದಿದ್ದಾರೆ. ಮಗನ ಕಾಗದ ಬೇಗ ಬರಲಿ ಎಂದು. "ಸಂಜೀತನಕ ನೀರು ಬಿಟ್ರ ಏನೂ ಬ್ಯಾಡವ್ವ" ಎಂದರು. ಒಳ್ಳೆಯದೇ. ಎರಡು ರೊಟ್ಟಿ ಉಳಿದವು. ಅವನ್ನು ಬೆಳಿಗ್ಗೆ ಮಕ್ಕಳಿಗೆ ಕೊಟ್ಟರೆ ನಾಳಿನ ಸೇರಿನಲ್ಲಿ ಒಂದು ಪಾವು ಮಿಗುತ್ತದೆ. ಯೋಜನೆಯಲ್ಲಿ ಬುಧವಾರದ ಮುಂದೆ ಅತ್ತೆಯ ಹೆಸರಿಗೆ ಗೆರೆ ಎಳೆದೆ.

ನವೆಂಬರ್ ೨೪, ಶನಿವಾರ

ಇವರು ಬಂದರು. ಔರಾದಿನಿಂದ ಸಂತಪುರದವರೆಗೆ ನಡೆದು, ಅಲ್ಲಿಂದ ಬಸ್ಸು ಹತ್ತಿದ್ದಾರೆ. ಅಷ್ಟು ಟಿಕೆಟ್ಟು ಉಳಿಯಿತಂತೆ. ಚಪ್ಪಲಿಯ ಉಂಗುಟ ಕಿತ್ತು ಹೋಗಿದೆ, ಉಳಿದದ್ದಕ್ಕಿಂತ ಹೋದದ್ದೇ ಹೆಚ್ಚು.

"ಈ ಕಡಿ ಕಚೇರ್ಯಾಗ ಕೇಳಿದ್ರ, ಆ ಕಡಿಯವ್ರಿಗೆ ಬರೀರಿ ಅಂತಾರ. ಆ ಕಡಿಯವ್ರು, ನೀವು ಈಗ ನಮ್ಮವರಲ್ಲ ಅಂತಾರ" ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಎರಡು ಸರ್ಕಾರಗಳು ಜಗಳವನ್ನೂ ಆಡಿಲ್ಲ, ಆದರೂ ಕೂಸು ಬಡವಾಗಿದೆ.

ಅರ್ಜಿ ಇನ್ನು ಮುಂದೆ ಕನ್ನಡದಲ್ಲಿ ಬೇಕಂತೆ. ಇವರು ಕಲಿತದ್ದು, ಕಲಿಸಿದ್ದು ಉರ್ದು. ನಾನು ಮಿಶನ್ ಬೋರ್ಡಿಂಗಿನ ಕನ್ನಡದಲ್ಲಿ ಬರೆದುಕೊಟ್ಟೆ. ಕೆಳಗೆ ಸಹಿ ಮಾಡುವಾಗ ಅವರು ಮೊದಲ ಇಯತ್ತೆಯ ಹುಡುಗನ ಹಾಗೆ ಒಂದೊಂದೇ ಅಕ್ಷರ ಕೂಡಿಸಿದರು. ನನಗೆ ನೋಡಲಾಗಲಿಲ್ಲ.

ಊಟಕ್ಕೆ ಕೂತಾಗ "ನೀ?" ಎಂದರು. "ನಾ ಮೊದಲೇ ಉಂಡೇನ್ರಿ" ಎಂದೆ. ಸುಳ್ಳಲ್ಲ, ಮಧ್ಯಾಹ್ನ ಒಂದೂವರೆ ತಿಂದಿದ್ದೆ. ಗಡಿಗೆಗೆ ಹಿಡಿ ಹಾಕುವುದನ್ನು ಈ ವಾರ ನಿಲ್ಲಿಸಿದೆ. ತನಖೆ ಬಂದ ಮೇಲೆ ಹಿಡಿಗೆ ಎರಡು ಹಿಡಿ ಹಾಕಿದರಾಯಿತು. ದೇವರೇನು ಕಾಶೀರಾಮನಲ್ಲ.

ಡಿಸೆಂಬರ್ ೧, ಶನಿವಾರ

ತನಖೆ ಬರಲಿಲ್ಲ. ಕಾಶೀರಾಮನ ಬಳಿ ಹೋದರೆ ನಗುತ್ತಲೇ ಹೇಳಿದ: "ಅಕ್ಕೋರ, ಮೈಸೂರು ಸರ್ಕಾರ ಭಾಳ ದೊಡ್ಡದದರಿ, ಕೊಡೋದು ಕೊಡ್ತದ. ಕೊಟ್ಟ ಮ್ಯಾಲ ಬರ್ರಿ." ಪಕ್ಕದಲ್ಲಿ ಇಬ್ಬರು ಗಿರಾಕಿಗಳಿದ್ದರು. ನಾನು ಜೋಳ ಕೇಳಲು ಬಂದವಳೇ ಅಲ್ಲ ಎನ್ನುವಂತೆ ತೊಗರಿಯ ಧಾರಣೆ ವಿಚಾರಿಸಿ ತಿರುಗಿ ಬಂದೆ.

ಮನೆಯಲ್ಲಿ ಒಂದು ಪಾವು ಹಿಟ್ಟು. ಶನಿವಾರ, ಇವರು ಬರುವ ದಿನ. ಗಡಿಗೆಯ ಮುಚ್ಚಳ ತೆಗೆದೆ. ಜನವರಿಯಿಂದ ಹಾಕಿದ ಹಿಡಿಗಳು, ಹದಿನೈದು ಸೇರಿಗೆ ಕಮ್ಮಿ ಇಲ್ಲ. ಒಂದು ಸೇರು ತೆಗೆದೆ. ಇದು ಕದಿಯುವುದಲ್ಲ, ಕಡ. ಇಪ್ಪತ್ತಮೂರನೆಯ ತಾರೀಖಿನೊಳಗೆ ಮರಳಿ ಹಾಕುತ್ತೇನೆ. ಎಷ್ಟು ತೆಗೆದೆನೆಂದು ಗೊತ್ತಾಗಲಿ ಎಂದು ಕಸಬರಿಗೆಯ ಕಡ್ಡಿಯೊಂದನ್ನು ಕಾಳಿನೊಳಗೆ ಇಳಿಸಿ ಗುರುತು ಮಾಡಿದೆ. ಅತ್ತೆ ಆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು, ನಿದ್ದೆ ಹತ್ತಿರಬೇಕು.

ಡಿಸೆಂಬರ್ ೫, ಬುಧವಾರ

ಅತ್ತೆಯ ಉಪವಾಸ ಈಗ ಬುಧವಾರ, ಶುಕ್ರವಾರ ಎರಡೂ ದಿನ. ಬೆಳಗಿನ ಪ್ರಾರ್ಥನೆಯನ್ನೂ ಹಿಡಿದಿದ್ದಾರೆ. ಚಳಿಯಲ್ಲೇ ಎದ್ದು ದೇವಾಲಯಕ್ಕೆಂದು ಹೋದರೆ ಬರುವುದು ಮಧ್ಯಾಹ್ನ. ಒಬ್ಬೊಬ್ಬರಿಗೆ ವಯಸ್ಸಾದ ಹಾಗೆ ಭಕ್ತಿ ಹೆಚ್ಚುತ್ತದೆ. ಆಗಲಿ, ಉಪವಾಸದ ಎರಡು ದಿನದಿಂದ ನಾಲ್ಕು ರೊಟ್ಟಿ ಉಳಿಯುತ್ತವೆ.

ಒಂದು ವಿಚಿತ್ರ ಬರೆಯಬೇಕು. ಗಡಿಗೆಯಿಂದ ನಾಲ್ಕು ದಿನ ತೆಗೆದಿದ್ದೇನೆ. ಇವತ್ತು ಕಡ್ಡಿ ಇಳಿಸಿ ನೋಡಿದರೆ ಇಳಿಯಬೇಕಾದಷ್ಟು ಇಳಿದಿಲ್ಲ. ಎರಡು ಸಲ ನೋಡಿದೆ. ಬರಗಾಲದಲ್ಲಿ ಹಿಟ್ಟು ಮುಗಿಯದ ವಿಧವೆಯ ಮಡಕೆಯ ಕಥೆಯನ್ನು ಸಂಡೇ ಸ್ಕೂಲಿನ ಮಕ್ಕಳಿಗೆ ಹೇಳಿಕೊಟ್ಟವಳು ನಾನೇ. ಆದರೆ ಆ ವಿಧವೆ ಕದ್ದಿರಲಿಲ್ಲ. ನನ್ನ ಅಂದಾಜೇ ತಪ್ಪಿರಬೇಕು.

ಸ್ಯಾಮ್ಸನ ಎರಡು, ಕೃಪಾ ಒಂದೂವರೆ, ಅತ್ತೆ ಇಲ್ಲ, ನಾನು ಒಂದು.

ಡಿಸೆಂಬರ್ ೯, ಭಾನುವಾರ

ಆರಾಧನೆ ಮುಗಿದ ಮೇಲೆ ಪಾಸ್ಟರಮ್ಮ ಯಾದಿಯ ಕಾಗದ ಕೈಗಿತ್ತರು. ಈ ಸಲ ಇಪ್ಪತ್ತೊಂದು ಹೆಸರು. ಮನ್ನಳ್ಳಿಯ ಮೂವರು ವಿಧವೆಯರು, ಭಾಲ್ಕಿ ಕಡೆಯ ಕುರುಡ ಮುದುಕ, ಹೀಗೆ. ಪ್ರತಿ ಹೆಸರಿಗೂ ಮೂರು ಸೇರು. ಬರೆಯುತ್ತ ಬಾಯಲ್ಲಿ ನೀರು ಬಂತು. ಬೇರೆಯವರ ಹೆಸರಿನ ಮುಂದಿನ ಜೋಳ ನೋಡಿ ಹೀಗಾಗುವುದೆಂದರೆ ನಾಚಿಕೆಗೇಡು.

"ಇವಾಂಜಲಿನಮ್ಮ, ನಿಮ್ಮ ಮನಿ ವ್ಯವಸ್ಥಾ ನಮಗೂ ಜರಾ ಹೇಳಿಕೊಡ್ರಿ. ತನಖಾ ಇಲ್ಲದಾಗೂ ಹ್ಯಾಂಗ ನಡಸ್ಲಿಕತ್ತೀರಿ" ಎಂದರು ಪಾಸ್ಟರಮ್ಮ. ಒಂದು ಮಾತು, ಒಂದೇ ಒಂದು ಮಾತು ಆಗ ಹೇಳಿಬಿಡಬಹುದಿತ್ತು. "ಎಲ್ಲಾ ದೇವರ ಕೃಪಾರಿ" ಎಂದೆ. ಹೊರಡುವಾಗ ಅವರು "ಅತ್ತಿ ಹ್ಯಾಂಗಿದ್ದಾರ್ರಿ? ವಾರದಾಗ ಕಂಡೇ ಇಲ್ಲ" ಎಂದೂ ಕೇಳಿದರು. ಮೂಲೆಯಲ್ಲಿ ನೆಲದ ಮೇಲೆ ಕೂತು ಪ್ರಾರ್ಥಿಸುವ ಮುದುಕಿಯನ್ನು ಯಾರು ನೋಡುತ್ತಾರೆ.

ಮಧ್ಯಾಹ್ನ ಊಟದಲ್ಲಿ ಇವರ ಹಲ್ಲಿಗೆ ಹರಳು ಸಿಕ್ಕಿತು. "ಜೋಳ ಹಸನ ಮಾಡಲಿಲ್ಲೇನು?" ಎಂದರು. ನಾನು ಹಿಡಿ ಹಾಕುವಾಗಲೇ ಹಸನು ಮಾಡಿ ಹಾಕುವವಳು. ಬೀಸುಕಲ್ಲು ಉದುರುತ್ತಿರಬೇಕು.

ಸ್ಯಾಮ್ಸನ ಎರಡು, ಕೃಪಾ ಒಂದೂವರೆ, ಅತ್ತೆ ಒಂದು, ಇವರಿಗೆ ಎರಡೂವರೆ. ಒಟ್ಟು ಏಳು.

ಡಿಸೆಂಬರ್ ೧೩, ಗುರುವಾರ

ಕೃಪಾಳನ್ನು ಹೊಡೆದೆ. ಅಂಗಳದಲ್ಲಿ ಕೂತು ಹಸಿ ಜೋಳ ಜಗಿಯುತ್ತಿದ್ದಳು. ಗಡಿಗೆಗೆ ಕೈ ಹಾಕಿದೆಯಾ ಎಂದು ಕೇಳಿದರೆ "ಇಲ್ಲವ್ವ, ಅಜ್ಜಿ ಸೆರಗಿನ್ಯಾಗ ಇತ್ತು, ಅಕಿನೇ ಕೊಟ್ಟಳು" ಎಂದಳು. ಕದಿಯುವುದಲ್ಲದೆ ಮುದುಕಿಯ ಮೇಲೆ ಸುಳ್ಳು ಹೇಳುತ್ತೀಯಾ ಎಂದು ಬೆನ್ನ ಮೇಲೆ ಎರಡು ಕೊಟ್ಟೆ. ಅವಳು ಅಳಲಿಲ್ಲ, ಜಗಿಯುವುದನ್ನೂ ನಿಲ್ಲಿಸಲಿಲ್ಲ.

ಗಡಿಗೆಯಿಂದ ದಿನಾ ಕದಿಯುವವಳು ಯಾರು? ನಾನು ಹೊಡೆದ ಕೈಯಲ್ಲೇ ಸಂಜೆ ಅದರಿಂದ ಮುಕ್ಕಾಲು ಸೇರು ತೆಗೆದೆ.

ಸ್ಯಾಮ್ಸನ ಎರಡು, ಕೃಪಾ ಎರಡು, ಅತ್ತೆ ಒಂದು.

ಡಿಸೆಂಬರ್ ೧೭, ಸೋಮವಾರ

ಬೇಳೆ ಮುಗಿಯಿತು. ರೊಟ್ಟಿ, ಉಪ್ಪು, ಖಾರ.

ಹಿತ್ತಲಿನ ಮೊಂಡ ಕಸಬರಿಗೆ ಕಾಣೆಯಾಗಿ ಎಷ್ಟೋ ದಿನವಾಯಿತು. ಅದನ್ನೂ ಕದಿಯುವವರಿದ್ದಾರೆ ಈ ಓಣಿಯಲ್ಲಿ.

ಅತ್ತೆ ಮಧ್ಯಾಹ್ನ ಬಂದವರೇ ಬಾಗಿಲಿಗೆ ಒರಗಿ ಕೂತರು. ಸೀರೆಯ ತುಂಬ ಧೂಳು. ನನಗೆ ಎಲ್ಲಿಯ ಸಿಟ್ಟಿತ್ತೋ. "ದಿನಾ ಹೋಗಿ ಕುಂತ್ರ ಏನ್ ಬರ್ತದರಿ ಅತ್ತಿ? ಪ್ರಾರ್ಥನಾ ಮಾಡಿದ್ರ ಹೊಟ್ಟಿ ತುಂಬ್ತದೇನು?" ಎಂದೆ.

"ತುಂಬ್ತದವ್ವ" ಎಂದರು. ಆ ಸಮಾಧಾನ ನೋಡಿ ಮೈ ಉರಿಯಿತು. ಮನೆಯ ಚಿಂತೆ ಇಲ್ಲದವರಿಗೆ ಭಕ್ತಿ ಸುಲಭ. ಸೋಮವಾರವೂ ಉಪವಾಸವಂತೆ. ಬರೆದುಕೊಂಡೆ.

ಡಿಸೆಂಬರ್ ೨೦, ಗುರುವಾರ

ನಿಂತರೆ ಕಣ್ಣು ಕತ್ತಲೆ. ಬೀಸುಕಲ್ಲಿನ ಗೂಟ ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಚಳಿಗೆ ಇರಬೇಕು.

ಗಡಿಗೆಯಲ್ಲಿ ಇನ್ನೂ ಒಂಬತ್ತು ಸೇರು ಇದೆ. ಎಂದೋ ಮುಗಿಯಬೇಕಿತ್ತು. ಹೇಗೆಂದು ಕೇಳುವುದಕ್ಕೆ ಹೆದರಿಕೆ. ಕೇಳಿದರೆ ನಿಂತುಬಿಟ್ಟೀತು.

ಡಿಸೆಂಬರ್ ೨೨, ಶನಿವಾರ

ಹನ್ನೊಂದು ಗಂಟೆಗೆ ನಮ್ಮ ಬಾಗಿಲಿಗೆ ಕೈಗಾಡಿ ಬಂತು. ಗಂಜಿನ ಹಮಾಲ, ಪಂಢರಿ ಅಂತ ಹೆಸರು. ಗಾಡಿಯ ಮೇಲೆ ಖಾಲಿ ಚೀಲ ಹಾಸಿ ಅತ್ತೆಯನ್ನು ಮಲಗಿಸಿಕೊಂಡು ಬಂದಿದ್ದ. ಎದೆಯ ಮೇಲೆ ಒಂದು ಗಂಟು, ಪಕ್ಕದಲ್ಲಿ ನಮ್ಮ ಮೊಂಡ ಕಸಬರಿಗೆ. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು.

"ಅಕ್ಕೋರ, ಇವರು ನಿಮ್ಮ ಮನಿಯವರೇ ಏನ್ರಿ? ಮೂರು ವಾರ ಆತು, ದಿನಾ ಬರ್ತಾರ. ಜೋಳದ ಗಾಡಿ ಬಿಟ್ಟು ಬ್ಯಾರೆ ಕಡಿ ಕೂಡಂಗಿಲ್ಲ. ಇವತ್ತ ಕುಂತಲ್ಲೇ ಬಿದ್ರು" ಎಂದ. ನನ್ನ ಬಾಯಿಂದ ಹೌದು ಎನ್ನುವ ಮಾತು ಹೊರಡಲು ಹೊತ್ತು ಹಿಡಿಯಿತು. ಅಷ್ಟು ಹೊತ್ತು ಹಿಡಿದದ್ದಕ್ಕೆ ನನ್ನನ್ನು ನಾನು ಕ್ಷಮಿಸಲಾರೆ.

ಓಣಿಯ ನರ್ಸಮ್ಮ ನೋಡಿದರು. ರೋಗವೇನೂ ಇಲ್ಲ, ಹೊಟ್ಟೆಗೆ ಬಿದ್ದಿಲ್ಲ, ಸ್ವಲ್ಪ ಸ್ವಲ್ಪವಾಗಿ ಅಂಬಲಿ ಕುಡಿಸಿ ಎಂದು ಹೇಳಿ ಹೋದರು. ನನ್ನ ಮುಖವನ್ನೂ ಒಂದು ಸಲ ನೋಡಿದರು. ಅಂಬಲಿ ಒಳಗೆ ಹೋದ ಮೇಲೆ ಅತ್ತೆ ಕಣ್ಣು ಬಿಟ್ಟರು.

"ಯಾಕ ಹೇಳಲಿಲ್ಲರಿ ಅತ್ತಿ?"

"ಹೇಳಿದ್ರ ತಿಪ್ಪಿಗೆ ಚೆಲ್ತಿದ್ದಿ."

ಅಂಬಲಿಯ ಬಟ್ಟಲು ಕೆಳಗಿಟ್ಟೆ. ಅವರೇ ಮೆಲ್ಲಗೆ ಹೇಳಿದರು: "ನೀ ಗಡಿಗ್ಯಾಗ ಕೈ ಹಾಕಿದ್ದು ಅವತ್ತೇ ನೋಡಿದೆ. ದೇವರ ಕಾಳಂತ ಅಂಜಿದಿ, ಆದ್ರೂ ತಗೊಂಡಿ, ಕೂಸುಗಳಿಗೆ ಹಾಕಿದಿ. ಗಂಜಿನ ಕಾಳು ನಾ ಕೈಯಾಗ ಕೊಟ್ಟಿದ್ರ ತಗೋತಿದ್ದಿಲ್ಲ. ಅದಕ್ಕ ಗಡಿಗ್ಯಾಗೇ ಹಾಕ್ಕೋತ ಬಂದೆ. ನಿನ್ನ ಮಾನನೂ ಉಳೀತು, ಕೂಸುಗಳ ಹೊಟ್ಟಿನೂ ತುಂಬ್ತು."

"ಮತ್ತ ಉಪವಾಸ?"

"ಉಪವಾಸ ಅಂದ್ರ ಯಾರೂ ಒತ್ತಾಯ ಮಾಡಂಗಿಲ್ಲವ್ವ."

ಕೃಪಾ ಅಜ್ಜಿಯ ಕಾಲ ಬಳಿ ಕೂತಿದ್ದಳು. ಅವಳ ಬೆನ್ನು ಸವರಲು ಹೋದೆ. ಹೊಡೆಯುತ್ತೇನೆಂದು ಸರಿದಳು.

ಡಿಸೆಂಬರ್ ೨೩, ಭಾನುವಾರ

ಗಡಿಗೆ ಒಯ್ಯುವುದು ಬೇಡ ಎಂದು ನಿನ್ನೆಯೇ ನಿಶ್ಚಯಿಸಿದ್ದೆ. ಕಾಗದ ಇನ್ನೂ ಸಿಕ್ಕಿಲ್ಲವೆಂದು ನಿನ್ನೆ ಸಂಜೆ ಬಂದ ಇವರು ಹೇಳಿದ್ದರು, ಮನೆಯಲ್ಲಿ ಬೇರೆ ಕಾಳಿಲ್ಲ. ಆದರೆ ಅತ್ತೆ ಹಾಸಿಗೆಯಿಂದಲೇ ಹಟ ಹಿಡಿದರು. "ಒಯ್ಯಿ. ತಗೊಂಡಿದ್ದು ತಗೊಂಡ್ವಿ. ಉಳದದ್ದು ದೇವರದು. ನಮಕಿಂತ ಇಲ್ಲದವರು ಇದ್ದಾರ." ಇವರು ಗಡಿಗೆಯನ್ನು ಹೆಗಲ ಮೇಲೆ ಇಟ್ಟುಕೊಂಡರು.

ಎಲ್ಲರ ಜೋಳ ಜಮಖಾನೆಯ ಮೇಲೆ ಬಿಳಿ ಗುಡ್ಡೆಯಾಗಿತ್ತು. ನಮ್ಮದು ಸುರಿದಾಗ ಮಣ್ಣಿನ ಬಣ್ಣ, ನಡುನಡುವೆ ಹರಳು. ಹೆಂಗಸರಿಗೆ ಗಂಜಿನ ಕಾಳು ಗೊತ್ತಾಗದೆ ಇರುತ್ತದೆಯೇ? ಪಾಸ್ಟರಮ್ಮ ಬಗ್ಗಿ ಎರಡೂ ಗುಡ್ಡೆಗಳನ್ನು ಕೈಯಿಂದ ಕಲೆಸಿಬಿಟ್ಟರು.

ಯಾದಿಯ ಕೊನೆಗೆ ರಾತ್ರಿಯೇ ಅತ್ತೆಯ ಹೆಸರು ಸೇರಿಸಿದ್ದೆ: ರೂತಮ್ಮ, ಬೀದರ. ಇಪ್ಪತ್ತೊಂದು ಹೆಸರು ಓದಿದೆ. ಇಪ್ಪತ್ತೆರಡನೆಯದರ ಮೇಲೆ ಬೆರಳಿಟ್ಟೆ, ಓದಲಿಲ್ಲ. ಮೂರು ಸೇರು ಜೋಳ, ಎರಡು ಶಬ್ದ. ಕಾಗದ ಮಡಚಿ ಕೂತೆ. ಖಾಲಿ ಗಡಿಗೆ ಹೊತ್ತು ಮನೆಗೆ ಬಂದೆವು. ಇಷ್ಟು ಕೆಟ್ಟ ದಿನ ನನ್ನ ಬದುಕಿನಲ್ಲಿ ಬಂದಿಲ್ಲ.

ಡಿಸೆಂಬರ್ ೨೪, ಸೋಮವಾರ

ಬೆಳಿಗ್ಗೆ ಮೊಂಡ ಕಸಬರಿಗೆ ತೆಗೆದುಕೊಂಡು ಗಂಜಿಗೆ ಹೋದೆ. ಒಂದು ತಾಸು ಎಲ್ಲಿ ನಿಲ್ಲಬೇಕೆಂದೂ ತಿಳಿಯಲಿಲ್ಲ. ಸೆರಗನ್ನು ಮುಖದವರೆಗೆ ಎಳೆದುಕೊಂಡಿದ್ದೆ. ಗುಡಿಸುವವರಲ್ಲಿ ಹಿರಿಯವಳು, ಶಾಲುಬಾಯಿ ಎಂದು ಕರೆಯುತ್ತಿದ್ದರು, ನನ್ನ ಕೈಯ ಕಸಬರಿಗೆ ನೋಡಿ ಗುರುತು ಹಿಡಿದಳು.

"ಆ ಮುದುಕಿ ಸೊಸಿ ಏನು? ಅಕಿ ಜಾಗಾ ಇಲ್ಲೇ ಅದ, ಬಾ. ಯಾರಿಗೂ ಕೊಟ್ಟಿಲ್ಲ." ನೆಲವನ್ನು ಸೆರಗಿನಿಂದ ಒರೆಸಿ ಕೊಟ್ಟಳು. "ಮುಖ ಮುಚ್ಚಿಕೊಂಡ್ರ ಕಾಳು ಕಾಣಂಗಿಲ್ಲ."

ಸೆರಗು ಸರಿಸಿದೆ. ಎದುರು ಅಂಗಡಿಯಿಂದ ಕಾಶೀರಾಮ ನೋಡಿದ. ಹೆಂಗಸರ ಕೂಟದ ಒಬ್ಬಳು ಬೇಳೆ ಕೊಳ್ಳುತ್ತ ನೋಡಿದಳು. ಸೊಂಟ ನೋಯುತ್ತದೆ, ಉಗುರು ಸಂದಿಗೆ ಮಣ್ಣು ಸೇರುತ್ತದೆ, ಎತ್ತುಗಳ ಕಾಲು ನೋಡಿಕೊಳ್ಳಬೇಕು. ಅತ್ತೆ ಇದನ್ನು ಹೊಟ್ಟೆಗಿಲ್ಲದೆ ಮಾಡಿದ್ದಾರೆ. ಮಧ್ಯಾಹ್ನದವರೆಗೆ ಒಂದು ಸೇರು ಆಯಿತು. ಮೊರ ಹಿಡಿದು ಅಂಗಳದಲ್ಲೇ ಕೂತು, ಓಣಿಯೆಲ್ಲ ನೋಡುವ ಹಾಗೆ ಹಸನು ಮಾಡಿದೆ. ಬೀಸುವ ಮೊದಲು ಒಂದು ಹಿಡಿ ಖಾಲಿ ಗಡಿಗೆಗೆ ಹಾಕಿದೆ. ತಳಕ್ಕೆ ಬಿದ್ದ ಸದ್ದು ದೊಡ್ಡದಾಗಿ ಕೇಳಿಸಿತು.

ಸಂಜೆ ಅತ್ತೆ "ಇವತ್ತಿಂದು ಓದು, ನೋಡೂಣು" ಎಂದರು. ಓದಿದೆ. ಸ್ಯಾಮ್ಸನ ಎರಡು. ಕೃಪಾ ಎರಡು. ಅತ್ತೆ ಒಂದೂವರೆ, ಉಪವಾಸ ಇಲ್ಲ. ಕ್ರಿಸ್ಮಸ್ಸಿಗೆ ಉಳಿದಿರುವ ಇವರಿಗೆ ಎರಡು.

"ಇನ್ನೊಮ್ಮಿ ಓದು."

ಮತ್ತೆ ಓದಿದೆ.

"ನಿಂದು ಎಲ್ಲಿ ಅದ?"

ಹಿಂದಿನ ಹಾಳೆಗಳನ್ನು ತಿರುವಿದೆ. ಒಂಬತ್ತನೆಯ ತಾರೀಖಿನಿಂದ ಎಲ್ಲೂ ನನ್ನ ಹೆಸರಿಲ್ಲ. ತೆಗೆದದ್ದು ಯಾವಾಗ ಎಂದು ನನಗೇ ನೆನಪಿಲ್ಲ. ಹಂಚಿನ ತಳಕ್ಕೆ ಹತ್ತಿದ್ದು, ಮಕ್ಕಳು ಬಿಟ್ಟದ್ದು ಅಂತ ಏನೋ ತಿನ್ನುತ್ತಿದ್ದೆ.

"ಬರಿ. ನಾ ನೋಡ್ತೇನಿ" ಎಂದರು ಅತ್ತೆ. ಅವರಿಗೆ ಓದಲು ಬರುವುದಿಲ್ಲ. ಆದರೂ ನಾನು ಬರೆಯುವವರೆಗೆ ಹಾಳೆಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.

ಇವಾಂಜಲಿನ, ಒಂದು.